ಹೋಗಿದ್ದು ಬೇರೆ, ಆಗಿದ್ದು ಬೇರೆ

ತೀವ್ರ ನೋವಿಗೆಂದು ಮಾರ್ಫಿನ್ ಮಾತ್ರೆ ನುಂಗುತ್ತಿರುವ ಹಿರಿಯರೊಬ್ಬರನ್ನು ‘ಎರಡಕ್ಕೆ ಹೋದ್ರಾ?’ ಅಂತ ಕೇಳಿ ನೋಡಿ. ‘ಹೂಂ, ಹೋಗ್ತಾ ಇದೀನಲ್ಲ’ ಅನ್ನುತ್ತಾರೆ. ಸುಳ್ಳೇನಲ್ಲ. ದಿನಾ ಬೆಳಗ್ಗೆ ಗೋಡೆ ಹಿಡಿದುಕೊಂಡು ಹೋಗುತ್ತಾರೆ, ಅರ್ಧ ಗಂಟೆ ಕೂರುತ್ತಾರೆ, ಕಾಲು ಜೋಮು ಹಿಡಿದು ವಾಪಸ್ ಬರುತ್ತಾರೆ. ಹೋಗಿದ್ದು ನಿಜ. ಆಗಿದ್ದು ಏನೂ ಇಲ್ಲ. ಆದರೆ ಕೇಳಿದವರು ಹಾಳೆಯ ಮೇಲೆ ‘ಮೋಷನ್ ನಾರ್ಮಲ್’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಕೇಳಬೇಕಾದ್ದು ಹಾಗಲ್ಲ. ಕೊನೆಯ ಸಲ ಆಗಿದ್ದು ಯಾವತ್ತು? ಎಷ್ಟಾಯ್ತು? ಆಡಿನ ಹಿಕ್ಕೆ ಥರವೋ, ಬಾಳೆಹಣ್ಣಿನ ಥರವೋ, ಬರೀ ನೀರೋ? ತಿಣುಕಬೇಕಾಯ್ತಾ? ಎದ್ದು ಬಂದಮೇಲೂ ಒಳಗೆ ಇನ್ನೂ ಇದೆ ಅನ್ನಿಸ್ತಾ? ಈ ಐದು ಪ್ರಶ್ನೆ ಕೇಳಲು ಒಂದು ನಿಮಿಷ ಸಾಕು. ಕೇಳುವವರಿಗೂ ಹೇಳುವವರಿಗೂ ನಾಚಿಕೆ ಅಡ್ಡ ಬರುತ್ತದೆ, ಅಷ್ಟೇ.

ಮಾರ್ಫಿನ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮಾತು ‘ಚಟ ಹತ್ತಿಬಿಟ್ಟರೆ?’ ಎಂಬುದು. ಆ ಬಗ್ಗೆ ಬೇಕಾದಷ್ಟು ಚರ್ಚೆಯಾಗುತ್ತದೆ. 1985ರ ಮಾದಕವಸ್ತು ಕಾಯ್ದೆ ಇದೇ ಭಯದಿಂದ ಮಾರ್ಫಿನ್ನನ್ನು ಎಷ್ಟು ಬಿಗಿ ಮಾಡಿತ್ತೆಂದರೆ, ಕ್ಯಾನ್ಸರ್ ನೋವಿನವರಿಗೆ ಮಾತ್ರೆ ಸಿಗುವುದೇ ದುಸ್ತರವಾಗಿ, 2014ರಲ್ಲಿ ಅದಕ್ಕೆ ತಿದ್ದುಪಡಿ ತರಬೇಕಾಯಿತು. ಇಂದಿಗೂ ಅದು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಮಾತ್ರೆಯಲ್ಲ. ಸಾಮಾನ್ಯವಾಗಿ ಮಾನ್ಯತೆ ಪಡೆದ ಆಸ್ಪತ್ರೆಯಿಂದಲೇ ತರಬೇಕು, ಬಸ್ಸು ಹತ್ತಿ ಹೋಗಿ, ಸರದಿಯಲ್ಲಿ ನಿಂತು. ಅಷ್ಟು ಪಾಡುಪಟ್ಟು ತಂದ ಮಾತ್ರೆಯನ್ನು ಮನೆಯಲ್ಲಿ ಕದ್ದುಮುಚ್ಚಿ ಬಿಡುವವರಿದ್ದಾರೆ. ಚಟದ ಭಯಕ್ಕಲ್ಲ, ಹೊಟ್ಟೆ ಕಟ್ಟಿದ್ದಕ್ಕೆ. ನೋವಿಗಾದರೂ ನರಳಬಹುದು, ನರಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಐದು ದಿನದಿಂದ ಕಕ್ಕಸ್ಸಿಗೆ ಆಗಿಲ್ಲ ಎಂದು ಸೊಸೆಯ ಮುಂದೆ ಹೇಳುವುದು ಹೇಗೆ?

ಮಾತ್ರೆ ನಿಲ್ಲಿಸಿದ ಮಾವ

ಒಂದು ಮನೆ. ಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರು, ಸೊಂಟದ ಮೂಳೆಗೆ ಇಳಿದಿದೆ. 10 ಮಿ.ಗ್ರಾಂ. ಮಾರ್ಫಿನ್, 4 ಗಂಟೆಗೊಮ್ಮೆ. ಸೊಸೆ ಅಚ್ಚುಕಟ್ಟಿನವಳು, ಮೊಬೈಲಿನಲ್ಲಿ ಅಲಾರಂ ಇಟ್ಟು ಕೊಡುತ್ತಾಳೆ. ಮೊದಲ ವಾರ ಮಾವ ಎದ್ದು ಜಗುಲಿಗೆ ಬಂದು ಪೇಪರ್ ಓದಿದರು. ಎರಡನೇ ವಾರ ಮತ್ತೆ ಮಲಗಿದರು. ನೋವು ವಾಪಸ್ ಬಂದಿದೆ, ಊಟ ಸೇರದು, ವಾಕರಿಕೆ. ಮನೆಗೆ ಬಂದ ನರ್ಸ್ ಹಾಸಿಗೆ ಕೊಡವಿದಾಗ ದಿಂಬಿನ ಕವರಿನೊಳಗಿಂದ ಮಾತ್ರೆಗಳು ಉದುರಿದವು. ಬಾಯಿಗೆ ಹಾಕಿಕೊಂಡು, ಸೊಸೆ ಅತ್ತ ತಿರುಗಿದ ಮೇಲೆ ತೆಗೆದಿಟ್ಟಿದ್ದವು. ‘ಯಾಕಜ್ಜ?’ ಎಂದರೆ ಉತ್ತರವಿಲ್ಲ. ಸೊಸೆ ಕಾಫಿ ತರಲು ಒಳಗೆ ಹೋದಮೇಲೆ ಮೆಲ್ಲಗೆ ಹೇಳಿದರು: ‘ಆ ಮಾತ್ರೆ ತಗೊಂಡ್ರೆ ಹೊಟ್ಟೆ ಕಲ್ಲಾಗ್ತದಮ್ಮ. ನೋವನ್ನ ಹೆಂಗೋ ತಡ್ಕೋಬಹುದು.’

ಆ ಮನೆಯವರು ಕೈಕಟ್ಟಿ ಕೂತಿರಲಿಲ್ಲ. ಪಪ್ಪಾಯ ಕೊಟ್ಟಿದ್ದರು, ರಾತ್ರಿ ಎರಡು ಬಾಳೆಹಣ್ಣು, ಬೆಳಗ್ಗೆ ನೆನೆಹಾಕಿದ ಒಣದ್ರಾಕ್ಷಿ, ಆಮೇಲೆ ಯಾರೋ ಹೇಳಿದರೆಂದು ಇಸಬ್ಗೋಲ್ ಎರಡು ಚಮಚ. ನಮ್ಮಲ್ಲಿ ಹೊಟ್ಟೆ ಕಟ್ಟುವುದೆಂದರೆ ಊಟದ ದೋಷ ಎಂದೇ ಲೆಕ್ಕ. ನಾರು ಕಮ್ಮಿಯಾಯಿತು, ನೀರು ಕಮ್ಮಿಯಾಯಿತು, ಓಡಾಟ ಕಮ್ಮಿಯಾಯಿತು. ಸಾಮಾನ್ಯ ಮಲಬದ್ಧತೆಗೆ ಆ ಲೆಕ್ಕ ಸರಿ. ಇಲ್ಲಿ ತಪ್ಪು.

ಕರುಳಿನೊಳಗೆ ನಡೆಯುವುದು

ಮಾರ್ಫಿನ್ ಮಿದುಳಿನಲ್ಲಿ ಕೂತು ನೋವು ತಗ್ಗಿಸುವ ಅದೇ ಬಗೆಯ ಗ್ರಾಹಕಗಳು (ಮದ್ದು ಬಂದು ಅಂಟಿಕೊಳ್ಳುವ ತಾಣಗಳು, ರಿಸೆಪ್ಟರ್) ಕರುಳಿನ ಗೋಡೆಯ ನರಜಾಲದಲ್ಲೂ ದಂಡಿಯಾಗಿವೆ. ಅಲ್ಲಿ ಮಾರ್ಫಿನ್ ಕೂತಾಗ ಕರುಳು ಮುಂದಕ್ಕೆ ನೂಕುವ ಅಲೆ ಕುಂದುತ್ತದೆ, ನಿಂತಲ್ಲೇ ಹಿಂಡುವ ಬಿಗಿತ ಹೆಚ್ಚುತ್ತದೆ. ಕರುಳಿನೊಳಕ್ಕೆ ನೀರು ಒಸರುವುದು ಕಡಿಮೆಯಾಗುತ್ತದೆ, ಗುದದ ಬಿಗಿಸ್ನಾಯು ಸಡಿಲಗೊಳ್ಳುವುದಿಲ್ಲ. ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಬರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೀರಿಕೊಳ್ಳುವುದೇ ಅದರ ಕೆಲಸ. ಸರಕು ನಿಂತಷ್ಟು ಹೊತ್ತೂ ಹೀರುವುದು ನಿಲ್ಲುವುದಿಲ್ಲ. ಮೂರು ದಿನ ನಿಂತದ್ದು ಹಿಕ್ಕೆಯಾಗುತ್ತದೆ, ವಾರ ನಿಂತದ್ದು ಇಟ್ಟಿಗೆಯಾಗುತ್ತದೆ. ಭೇದಿಗೆ ಕೊಡುವ ಲೋಪೆರಮೈಡ್ ಮಾತ್ರೆ ಇದೆಯಲ್ಲ, ಅದೂ ಮಾರ್ಫಿನ್ನಿನ ಬಳಗದ್ದೇ. ಮಾಮೂಲಿ ಪ್ರಮಾಣದಲ್ಲಿ ಮಿದುಳಿಗೆ ಹೋಗದೆ ಕರುಳಿನಲ್ಲಷ್ಟೇ ಕೆಲಸ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ನೋವಿನ ಮಾತ್ರೆ ಕೊಡುವಾಗ ಜೊತೆಗೆ ಭೇದಿ ನಿಲ್ಲಿಸುವ ಮಾತ್ರೆಯನ್ನೂ ದಿನಕ್ಕೆ ಆರು ಸಲ ಕೊಡುತ್ತಿದ್ದೇವೆ ಎಂದು ತಿಳಿದರೆ ಪಪ್ಪಾಯದ ಮೇಲಿನ ಭರವಸೆ ತಾನಾಗಿ ಇಳಿಯುತ್ತದೆ.

ಇಸಬ್ಗೋಲ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅದು ನೀರು ಕುಡಿದು ಉಬ್ಬಿ, ಗಾತ್ರ ಹೆಚ್ಚಿಸಿ, ಕರುಳನ್ನು ಹಿಗ್ಗಿಸಿ ನೂಕುವಂತೆ ಮಾಡುವ ವಸ್ತು. ನೂಕುವ ಶಕ್ತಿಯನ್ನೇ ಮಾರ್ಫಿನ್ ಕಟ್ಟಿಹಾಕಿದೆ. ಇಡೀ ದಿನಕ್ಕೆ ನಾಲ್ಕು ಲೋಟ ನೀರೂ ಇಳಿಯದ ರೋಗಿ. ಅಂಥವರಿಗೆ ಇಸಬ್ಗೋಲ್ ಕೊಟ್ಟರೆ ಮುಚ್ಚಿದ ಗೇಟಿನ ಹಿಂದೆ ಇನ್ನೂ ಹತ್ತು ಲಾರಿ ತಂದು ನಿಲ್ಲಿಸಿದ ಹಾಗೆ. ಕರುಳು ಪೂರ್ತಿ ಕಟ್ಟಿಕೊಳ್ಳುವ ಅಪಾಯವೂ ಉಂಟು. ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಎನ್ನುವ ಧೈರ್ಯ ಇಲ್ಲಿ ಬೇಡ. ಹಣ್ಣು ತಿನ್ನಲಿ, ರಾಗಿ ಗಂಜಿ ಕುಡಿಯಲಿ, ಬಾಯಿಗೆ ರುಚಿಸಿದ್ದೆಲ್ಲ ತಿನ್ನಲಿ. ಅದನ್ನು ಔಷಧಿಯೆಂದು ಕರೆಯದಿದ್ದರೆ ಸಾಕು.

ಇನ್ನೊಂದು ಮಾತು ಪದೇಪದೇ ಕೇಳಿಬರುತ್ತದೆ: ‘ಏನೂ ತಿಂತಾನೇ ಇಲ್ಲ, ಎಲ್ಲಿಂದ ಬರಬೇಕು?’ ಮಲವೆಂದರೆ ಉಂಡ ಅನ್ನವಷ್ಟೇ ಅಲ್ಲ. ಅದರ ದೊಡ್ಡ ಪಾಲು ಕರುಳಿನ ಬ್ಯಾಕ್ಟೀರಿಯಾ, ಉದುರಿದ ಕರುಳಿನ ಪೊರೆ, ಲೋಳೆ. ಬರೀ ಗಂಜಿ ಕುಡಿದು ಮಲಗಿದವರಿಗೂ ಎರಡು ಮೂರು ದಿನಕ್ಕೊಮ್ಮೆ ಆಗಲೇಬೇಕು.

ಮಾರ್ಫಿನ್ ಶುರುವಾದಾಗಿನ ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ, ದೇಹ ಒಗ್ಗಿಕೊಳ್ಳುತ್ತದೆ. ಮಲಬದ್ಧತೆಗೆ ಮಾತ್ರ ದೇಹ ಒಗ್ಗುವುದಿಲ್ಲ. ‘ಒಂದೆರಡು ವಾರ ನೋಡೋಣ, ತಾನಾಗಿ ಸರಿಹೋಗುತ್ತೆ’ ಎಂದು ಕಾಯುವುದು ಆದ್ದರಿಂದಲೇ ದಂಡ. ಮಾರ್ಫಿನ್ ಬರೆದ ಕೈಯೇ ಭೇದಿಮದ್ದನ್ನೂ, ಅಂದರೆ ಹೊಟ್ಟೆ ಸಡಿಲಿಸುವ ಮದ್ದನ್ನೂ, ಬರೆಯಬೇಕು ಎಂಬ ಹಳೆಯ ಮಾತು ಪ್ಯಾಲಿಯೇಟಿವ್ ವೈದ್ಯರಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು-ನರಳಾಟ ತಗ್ಗಿಸುವ ವೈದ್ಯರಲ್ಲಿದೆ. ಕಟ್ಟಿದ ಮೇಲಲ್ಲ, ಮೊದಲ ಮಾತ್ರೆಯ ದಿನವೇ.

ಮದ್ದು ಯಾವುದು, ಎಷ್ಟು

ಇಲ್ಲಿ ಬೇಕಾದ್ದು ಮುಖ್ಯವಾಗಿ ಕರುಳನ್ನು ಕೆರಳಿಸಿ ನೂಕಿಸುವ ಮದ್ದು. ಸುಲಭವಾಗಿ, ಅಗ್ಗಕ್ಕೆ ಸಿಗುವುದು ಬಿಸಾಕೊಡಿಲ್, 5 ಮಿ.ಗ್ರಾಂ. ಮಾತ್ರೆ, ಡಲ್ಕೊಲ್ಯಾಕ್ಸ್ ಎಂಬ ಹೆಸರಿನಿಂದ ಜನಕ್ಕೆ ಗೊತ್ತು. ದೊಡ್ಡವರಿಗೆ ರಾತ್ರಿ ಮಲಗುವಾಗ 1ರಿಂದ 2 ಮಾತ್ರೆ ಎಂದು ಶುರುಮಾಡುವುದು ರೂಢಿ. 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುತ್ತದೆ, ಅಂದರೆ ಬೆಳಗಿನ ಕಾಫಿಯ ಹೊತ್ತಿಗೆ. ಮಾತ್ರೆಯ ಮೇಲಿನ ಪದರ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗಲಿ ಎಂದೇ ಇರುವುದು. ಪುಡಿ ಮಾಡಿ ಗಂಜಿಗೆ ಬೆರೆಸಿದರೆ, ಇಲ್ಲವೇ ರಾತ್ರಿಯ ಹಾಲಿನ ಜೊತೆ, ಆಸಿಡಿಟಿ ಮಾತ್ರೆಯ ಜೊತೆ ಕೊಟ್ಟರೆ ಪದರ ಹೊಟ್ಟೆಯಲ್ಲೇ ಕರಗಿ ಹೊಟ್ಟೆ ನುಲಿಯುತ್ತದೆ. ‘ಆ ಮಾತ್ರೆ ಆಗಿಬರಲ್ಲ, ಹೊಟ್ಟೆ ಹಿಂಡುತ್ತೆ’ ಎಂದು ದೂರುವವರಲ್ಲಿ ಹಾಲಿನ ಲೋಟದ ಬಗ್ಗೆ ಒಮ್ಮೆ ವಿಚಾರಿಸಬೇಕು. ಹಾಲಿಗೂ ಮಾತ್ರೆಗೂ ನಡುವೆ ಒಂದು ಗಂಟೆ ಬಿಡುವಿರಲಿ.

ಸೋನಾಮುಖಿಯೂ ಇದೇ ಜಾತಿಯ ಮದ್ದು. ನಮ್ಮ ಹಳ್ಳಿಗಳ ನೆಲಾವರಿಕೆ, ಜಗತ್ತಿನ ಮಾರುಕಟ್ಟೆಗೆ ತಿರುನೆಲ್ವೇಲಿಯ ಹೆಸರು ಹೊತ್ತು ಹೋದ ಸೊಪ್ಪು. ಒಣ ಎಲೆಯ ಪುಡಿಯಲ್ಲಿ ಸತ್ವ ಎಷ್ಟಿದೆ ಎಂದು ಹೇಳಲಾಗದು, ಅಳತೆ ಗೊತ್ತಿರುವ ಮಾತ್ರೆಯೇ ವಾಸಿ. ಮಲ ಗಟ್ಟಿಯಾಗಿಯೇ ಬರುತ್ತಿದ್ದರೆ ಜೊತೆಗೆ ಕರುಳಿಗೆ ನೀರು ಎಳೆಯುವ ಮದ್ದು ಸೇರಿಸುತ್ತಾರೆ: ಲ್ಯಾಕ್ಟುಲೋಸ್ ಸಿರಪ್ 15ರಿಂದ 30 ಮಿ.ಲೀ., ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ ಒಂದು ಲೋಟ ನೀರಿನಲ್ಲಿ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು. ಇವತ್ತು ಕೊಟ್ಟು ನಾಳೆ ಬೆಳಗ್ಗೆ ಆಗಲಿಲ್ಲವೆಂದು ಬಾಟಲಿ ಮೂಲೆಗೆಸೆಯಬಾರದು. ಗ್ಯಾಸು ಹೆಚ್ಚಾಗುತ್ತದೆ, ಸಿಹಿಗೆ ಬಾಯಿ ಕಟ್ಟುತ್ತದೆ. ಅದೇ ಸಾಕೆಂದು ಅದೊಂದನ್ನೇ ಕೊಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಒಳಗಿರುವುದು ಮೆತ್ತಗಾಗುತ್ತದೆ, ನೂಕುವವರು ಯಾರೂ ಇಲ್ಲ. ಬೆಳ್ಳನೆಯ ಪ್ಯಾರಾಫಿನ್–ಮೆಗ್ನೀಷಿಯಾ ಸಿರಪ್ಪುಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಮಲಗಿದಲ್ಲೇ ಇರುವ, ನುಂಗಲು ಕಷ್ಟಪಡುವವರಿಗೆ ಪ್ಯಾರಾಫಿನ್ ಶ್ವಾಸಕೋಶಕ್ಕೆ ಇಳಿಯಬಹುದು, ಕಿಡ್ನಿ ಕೆಟ್ಟವರಿಗೆ ಮೆಗ್ನೀಷಿಯಂ ಆಗದು.

ಎರಡು ದಿನ ಆಗಲಿಲ್ಲವೆಂದರೆ ವೈದ್ಯರನ್ನು ಕೇಳಿ ಪ್ರಮಾಣ ಏರಿಸಬೇಕು, ಮೂರನೇ ದಿನಕ್ಕೂ ಇಲ್ಲವೆಂದರೆ ಕೆಳಗಿನಿಂದ ಮದ್ದು ಇಡಬೇಕು. ಮಾರ್ಫಿನ್ ಏರಿದಾಗಲೆಲ್ಲ ಭೇದಿಮದ್ದಿನ ಲೆಕ್ಕವನ್ನೂ ಮತ್ತೆ ನೋಡಬೇಕು. ಬೆಳಗ್ಗೆ ಸರಿಯಾಗಿ ಆಯಿತೆಂದು ಆ ರಾತ್ರಿಯ ಮಾತ್ರೆ ಬಿಡುವುದು, ಮತ್ತೆ ಕಟ್ಟಿದಾಗ ನಾಲ್ಕು ನುಂಗುವುದು — ಈ ಉಯ್ಯಾಲೆಯಲ್ಲೇ ಬಹಳ ಜನ ಸುಸ್ತಾಗುವುದು. ಆಗುತ್ತಿರುವುದು ಮಾತ್ರೆಯಿಂದಲೇ. ತೀರಾ ನೀರಾದರೆ ಒಂದು ದಿನ ಬಿಟ್ಟು, ಪ್ರಮಾಣ ಇಳಿಸಿ ಮುಂದುವರಿಸಬೇಕು.

ಲೆಕ್ಕವಿಡಲು ಆ್ಯಪ್ ಏನೂ ಬೇಡ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದೇ ಚೌಕದ ಮೂಲೆಯಲ್ಲಿ ಆದ ದಿನ ಒಂದು ಗುರುತು. ಹಿಕ್ಕೆಯಾದರೆ ಚುಕ್ಕಿಗಳು, ಮೆತ್ತಗಾದರೆ ಗೆರೆ, ನೀರಾದರೆ ಅಲೆ. ನೆಂಟರ ಕಣ್ಣಿಗೆ ಬಿದ್ದರೂ ಅರ್ಥವಾಗದು. ‘ಮೊನ್ನೆ ಆಯ್ತು ಅನ್ಸುತ್ತೆ’ ಎಂಬ ಆ ಮೊನ್ನೆ ಕ್ಯಾಲೆಂಡರಿನಲ್ಲಿ ಹುಡುಕಿದಾಗ ಕಳೆದ ಗುರುವಾರ ಆಗಿರುವುದೇ ಹೆಚ್ಚು.

ವೀಳ್ಯದೆಲೆಯ ತೊಟ್ಟು

ಗುದದ್ವಾರದಲ್ಲಿ ಮದ್ದು ಇಡುವುದೆಂದರೆ ಮನೆಯವರು ಬೆಚ್ಚುತ್ತಾರೆ. ಮನೆಯಲ್ಲಿ ಹಳಬರಿದ್ದರೆ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಕೂಸಿಗೆ ಹೊಟ್ಟೆ ಕಟ್ಟಿದಾಗ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಮೆಲ್ಲಗೆ ಇಡುತ್ತಿದ್ದವರು ಅವರೇ. ಗುದದೊಳಗೆ ಇಡುವ ಮದ್ದಿನ ಗುಳಿಗೆ, ಸಪೋಸಿಟರಿಯೂ ಅದೇ ಕುಲದ್ದು. ಗ್ಲಿಸರಿನ್‌ನದ್ದು ಗಟ್ಟಿಯಾದದ್ದನ್ನು ಜಾರಿಸಿ ಮೆತ್ತಗೆ ಮಾಡುತ್ತದೆ, 10 ಮಿ.ಗ್ರಾಂ. ಬಿಸಾಕೊಡಿಲ್‌ನದ್ದು ಗುದನಾಳವನ್ನು ಕೆರಳಿಸಿ 15 ನಿಮಿಷದಿಂದ ಒಂದು ಗಂಟೆಯೊಳಗೆ ನೂಕಿಸುತ್ತದೆ.

ಬೆಳಗಿನ ತಿಂಡಿ ಅಥವಾ ಬಿಸಿ ಕಾಫಿಯಾಗಿ ಇಪ್ಪತ್ತು ನಿಮಿಷಕ್ಕೆ ಇಡುವುದು ಒಳ್ಳೆಯದು. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಒಮ್ಮೆ ಅಲುಗುತ್ತದೆ, ಆ ಅಲೆಯ ಲಾಭ ಸಿಗುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಯ ಕಡೆ ಮಡಿಸಿ. ಮೇಲಿನ ಹಾಳೆ ಬಿಚ್ಚಬೇಕು — ನಗಬೇಡಿ, ಹಾಳೆ ಸಮೇತ ಇಟ್ಟವರಿದ್ದಾರೆ, ಮಾತ್ರೆಯೆಂದು ನುಂಗಿಸಿದವರೂ ಇದ್ದಾರೆ. ಕೈಗವಸು ಹಾಕಿಕೊಂಡು, ನೀರಿನಲ್ಲಿ ಒದ್ದೆ ಮಾಡಿ. ಬಿಸಾಕೊಡಿಲ್‌ಗೆ ವ್ಯಾಸಲೀನ್ ಸವರಿದರೆ ಮದ್ದಿನ ಮೇಲೆ ಜಿಡ್ಡಿನ ಪದರ ಕೂತು ಕೆಲಸ ತಡವಾಗುತ್ತದೆ. ಉಸಿರು ಬಿಡಲು ಹೇಳಿ, ಬಿಗಿಸ್ನಾಯು ದಾಟುವವರೆಗೆ ಬೆರಳಿನಿಂದ ತಳ್ಳಿ ಪಕ್ಕದ ಗೋಡೆಗೆ ಒರಗಿಸಬೇಕು. ಮಲದ ಗಡ್ಡೆಯ ನಡುವೆ ಚುಚ್ಚಿಟ್ಟರೆ ಅದು ಅಲ್ಲೇ ಕರಗಿ ವ್ಯರ್ಥ. ಗೋಡೆಗೆ ತಾಗಿದರಷ್ಟೇ ಕೆಲಸ. ಕಾಲು ಗಂಟೆ ಮಲಗಿದ್ದು ಆಮೇಲೆ ಏಳಲಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಮೇಜಿನ ಮೇಲಿಟ್ಟ ಸಪೋಸಿಟರಿ ಮಧ್ಯಾಹ್ನಕ್ಕೆ ಕೈಯಲ್ಲಿ ಹಿಡಿಯುವ ಹಾಗಿರುವುದಿಲ್ಲ. ಒಂದು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮೇಲೆ ಹೆಸರು ಬರೆದು.

ಕೀಮೋ ನಡೆಯುತ್ತಿದ್ದು ಬಿಳಿರಕ್ತಕಣವೋ ಪ್ಲೇಟ್‌ಲೆಟ್ಟೋ ಕುಸಿದಿದ್ದರೆ ಕೆಳಗಿನಿಂದ ಏನನ್ನೂ ಇಡಬಾರದು. ಸೋಂಕು, ರಕ್ತಸ್ರಾವದ ಭಯ. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಕಿಡ್ನಿ ತೊಂದರೆಯಿರುವ ವಯಸ್ಸಾದವರಿಗೆ ಅಪಾಯ, ಕೇಳದೆ ಕೊಡಕೂಡದು.

ಕೂರುವ ಭಂಗಿಯೂ ಮದ್ದಿನ ಅರ್ಧ ಕೆಲಸ ಮಾಡುತ್ತದೆ. ಕುಕ್ಕರಗಾಲಲ್ಲಿ ಕೂತು ಜೀವಮಾನ ಕಳೆದವರನ್ನು ಕಾಯಿಲೆ ಬಂದ ಕೂಡಲೇ ಎತ್ತರದ ಕಮೋಡಿನ ಮೇಲೆ ಕೂರಿಸುತ್ತೇವೆ, ಕಾಲು ತೂಗಾಡುತ್ತಿರುತ್ತದೆ. ಪಾದದ ಕೆಳಗೆ ಮಣೆಯನ್ನೋ ಗೇಣೆತ್ತರದ ಸ್ಟೂಲನ್ನೋ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ, ಮುಂದಕ್ಕೆ ಬಾಗಿ ಕೂರಲಿ. ಹಾಸಿಗೆಯಲ್ಲೇ ಬೆಡ್‌ಪ್ಯಾನಿನ ಮೇಲೆ ಅಂಗಾತ ಮಲಗಿ ಮಾಡುವುದು ಗಟ್ಟಿಮುಟ್ಟಾದವರಿಗೂ ಆಗದ ಕೆಲಸ. ಹಾಸಿಗೆಯ ಪಕ್ಕಕ್ಕೆ ಕಮೋಡ್ ಕುರ್ಚಿ, ಸುತ್ತ ಒಂದು ಹಳೆ ಸೀರೆಯ ಪರದೆ, ಬಾಗಿಲಿಗೆ ಚಿಲಕ. ಮರೆಯಿಲ್ಲದಿದ್ದರೆ ಯಾವ ಮದ್ದಿಗೂ ಆಗದು.

ಭೇದಿಯಲ್ಲದ ಭೇದಿ

ಇನ್ನೊಂದು ಮನೆ. ‘ಅಮ್ಮಂಗೆ ಎರಡು ದಿನದಿಂದ ಲೂಸ್ ಮೋಷನ್, ದಿನಕ್ಕೆ ಎಂಟ್ಹತ್ತು ಸಲ’ ಎಂದು ಮಗಳ ಫೋನು. ಭೇದಿಯಲ್ಲವೇ ಎಂದು ಬಿಸಾಕೊಡಿಲ್ ನಿಲ್ಲಿಸಿದ್ದಾಳೆ, ಬೀದಿ ಕೊನೆಯ ಅಂಗಡಿಯಿಂದ ಲೋಪೆರಮೈಡ್ ತಂದು ಕೊಟ್ಟಿದ್ದಾಳೆ. ಎಲ್ಲವೂ ಪ್ರೀತಿಯಿಂದ, ಎಲ್ಲವೂ ತಿರುಗುಮುರುಗು. ಡೈಪರಿನಲ್ಲಿ ಇದ್ದದ್ದು ಎರಡು ಚಮಚ ಕಂದು ನೀರು, ಪ್ರತಿ ಸಲವೂ ಅಷ್ಟೇ. ಹೊಟ್ಟೆಯ ಎಡಗಡೆ ಕೆಳಗೆ ಒತ್ತಿದರೆ ಹಗ್ಗದ ಗಂಟಿನಂಥ ಗಡ್ಡೆಗಳು. ಕ್ಯಾಲೆಂಡರಿನಲ್ಲಿ ಒಂಬತ್ತು ದಿನ ಖಾಲಿ. ಅಮ್ಮ ಹಿಂದಿನ ರಾತ್ರಿಯಿಂದ ಮಗಳ ಗುರುತೂ ಸಿಗದಂತೆ ಏನೇನೋ ಬಡಬಡಿಸುತ್ತಿದ್ದಾರೆ, ಮೂತ್ರವೂ ಕಟ್ಟಿದೆ. ಗುದನಾಳದಲ್ಲಿ ಕಲ್ಲಿನಂತೆ ಕೂತ ಮಲದ ಸಂದಿಯಿಂದ ಮೇಲಿನ ನೀರು ಜಿನುಗುವುದು ಇದು. ಒಳಗಿನ ಗಡ್ಡೆ ಮೂತ್ರಕೋಶದ ದಾರಿಯನ್ನು ಒತ್ತುತ್ತದೆ. ವಯಸ್ಸಾದವರಿಗೆ ಮಂಪರು, ಗೊಂದಲವೂ ಇದರಿಂದಲೇ ಬರಬಹುದು. ದಿನಗಟ್ಟಲೆ ಗಟ್ಟಿ ಆಗದೆ ಒಮ್ಮೆಲೇ ನೀರು ಶುರುವಾದರೆ ಅದನ್ನು ಭೇದಿಯೆಂದು ನಂಬುವ ಮೊದಲು ಗವಸು ಹಾಕಿದ ಒಂದು ಬೆರಳು ಒಳಗೆ ಹೋಗಿ ನೋಡಿ ಬರಬೇಕು.

ಇಂಥಲ್ಲಿ ಮೇಲಿನಿಂದ ಜೋರಾದ ಮದ್ದು ಕೊಟ್ಟರೆ ಕರುಳು ಮುಚ್ಚಿದ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತದೆ. ಮೊದಲು ಕೆಳಗೆ ಬಿಡಿಸಬೇಕು. ರಾತ್ರಿ ಮೈ ಬಿಸಿಯಷ್ಟೇ ಬೆಚ್ಚಗಿನ ಎಣ್ಣೆಯ ಎನಿಮಾ 100 ಮಿ.ಲೀ.ನಷ್ಟು ಕೊಟ್ಟು ಬೆಳಗಿನವರೆಗೆ ಒಳಗೇ ನಿಲ್ಲಿಸಿದರೆ ಗಡ್ಡೆಯ ಮೈ ಮೆದುವಾಗುತ್ತದೆ. ಬೆಳಗ್ಗೆ, ಮಾರ್ಫಿನ್ ಕೊಟ್ಟು ಅರ್ಧ–ಮುಕ್ಕಾಲು ಗಂಟೆಯಾದ ಮೇಲೆ, ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಸವರಿ ಐದು ನಿಮಿಷ ಕಾದು, ಒಂದು ಬೆರಳಿನಿಂದ ಗಡ್ಡೆಯನ್ನು ನಡುವೆ ಒಡೆದು ಚೂರುಚೂರಾಗಿ ತೆಗೆಯಬೇಕು. ಇದು ಕಲಿತ ನರ್ಸ್ ಅಥವಾ ವೈದ್ಯರ ಕೆಲಸ, ಮನೆಯವರದಲ್ಲ. ನಡುವೆ ಬೆವರು, ತಲೆಸುತ್ತು, ನಾಡಿ ನಿಧಾನವಾಗುವುದು ಕಂಡರೆ ಅಲ್ಲಿಗೇ ಬಿಡಬೇಕು. ಒಂದೇ ದಿನ ಎಲ್ಲ ತೆಗೆಯಲೇಬೇಕೆಂಬ ಹಟ ಬೇಡ. ಆ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅಮ್ಮ ಮಗಳನ್ನು ಹೆಸರು ಹಿಡಿದು ಕರೆದು ಮಜ್ಜಿಗೆ ಕೇಳಿದರು.

ಎಲ್ಲ ಕಟ್ಟುವಿಕೆಯೂ ಮಲದ್ದಲ್ಲ. ಹೊಟ್ಟೆ ಉಬ್ಬಿ, ಅಲೆಅಲೆಯಾಗಿ ನೋವು, ವಾಂತಿ, ಗಾಳಿಯೂ ಹೋಗದಿದ್ದರೆ ಕರುಳೇ ಮುಚ್ಚಿಕೊಂಡಿರಬಹುದು. ಭೇದಿಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಕಾಲು ಸೋತು, ಮೂತ್ರವೂ ಕಟ್ಟಿದರೆ ಕ್ಯಾನ್ಸರಿನ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದಕ್ಕೆ ಅದೇ ದಿನ ಹೋಗಬೇಕು, ನಾಳೆಯಲ್ಲ.

ಕ್ಯಾನ್ಸರ್ ಇಲ್ಲದವರಿಗೂ

ಮಂಡಿ ಬದಲಾಯಿಸಿಕೊಂಡು ಮನೆಗೆ ಬಂದ ಅಜ್ಜಿಯ ಚೀಟಿಯಲ್ಲಿ ಟ್ರಮಡಾಲ್ ಇರುತ್ತದೆ. ಅದೂ ಇದೇ ಬಳಗ, ಕೊಡೀನ್, ಟಪೆಂಟಡಾಲ್ ಕೂಡ. ಕೆಳಗಿನ ಸಾಲಿನಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ವಾಂತಿಗೆ ಆಂಡಾನ್ಸೆಟ್ರಾನ್; ಮೂರೂ ಹೊಟ್ಟೆ ಕಟ್ಟಿಸುವಂಥವೇ. ಭೇದಿಮದ್ದಿನ ಸಾಲು ಇಲ್ಲದಿದ್ದರೆ ಬಿಡುಗಡೆಯ ದಿನವೇ ಕೇಳಿ ಬರೆಸಿಕೊಳ್ಳುವುದು ಮೇಲು. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಮಾರ್ಫಿನ್ನಿಗಿಂತ ಕಡಿಮೆ ಕಟ್ಟಿಸುತ್ತದೆ. ಏನು ಮಾಡಿದರೂ ಜಗ್ಗದವರಿಗೆ ಕರುಳಿನ ಗ್ರಾಹಕದಿಂದ ಮಾತ್ರ ಮಾರ್ಫಿನ್ನನ್ನು ಎಬ್ಬಿಸಿ, ಮಿದುಳಿನದ್ದನ್ನು ಮುಟ್ಟದೆ ಬಿಡುವ ಮೀಥೈಲ್‌ನಾಲ್ಟ್ರೆಕ್ಸೋನ್ ಎಂಬ ಚುಚ್ಚುಮದ್ದಿದೆ. ಅಮೆರಿಕದಲ್ಲಿ 2008ರಲ್ಲಿ ಅನುಮತಿ ಪಡೆದದ್ದು. ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 4 ಗಂಟೆಯೊಳಗೆ ಆಯಿತು. ಜಾಣ ಮದ್ದು. ಆದರೆ ರಾತ್ರಿಯ ಎರಡು ಅಗ್ಗದ ಮಾತ್ರೆಯನ್ನೇ ನೆಟ್ಟಗೆ ಕೊಡದೆ ಅದರ ಬಗ್ಗೆ ವಿಚಾರಿಸುವುದರಲ್ಲಿ ಅರ್ಥವಿಲ್ಲ.

ನುಂಗುವುದೇ ನಿಂತ ಕೊನೆಯ ದಿನಗಳಲ್ಲಿ ಈ ಯಾವುದೂ ಬೇಡ. ಭೇದಿಮದ್ದಿನ ಮಾತ್ರೆ, ಸಿರಪ್ ತೆಗೆದಿಡಿ. ಹೊಟ್ಟೆಯ ಕೆಳಭಾಗ ಬಿಗಿದು ಚಡಪಡಿಸುತ್ತಿದ್ದರೆ ಮಾತ್ರ ಒಂದು ಸಪೋಸಿಟರಿ. ಚಡಪಡಿಕೆ ಇಲ್ಲವೆಂದರೆ ಅದೂ ಇಲ್ಲ. ಎಷ್ಟು ದಿನವಾಯಿತು ಎಂದು ಎಣಿಸುವುದನ್ನು, ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಅಲ್ಲಿಗೆ ನಿಲ್ಲಿಸಬಹುದು.